ಮಕ್ಕಳ ಮೂಳೆ ಸಂಶೋಧನೆಗೆ ಹಣ ಕೊಡುವುದಾದರೆ ಎಲ್ಲಿಗೆ? ಮುಂಬಯಿ ಕನ್ನಡಿಗರಿಗೊಂದು ಹೋಲಿಕೆ

ಹೋದ ವರ್ಷ ನಮ್ಮ ಸಂಘದ ಹಿರಿಯರೊಬ್ಬರು ತೀರಿಕೊಂಡರು. ಹುಡುಗನಾಗಿದ್ದಾಗಲೇ ಉಡುಪಿ ಕಡೆಯಿಂದ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ತಮ್ಮದೇ ಕ್ಯಾಂಟೀನ್ ನಡೆಸಿದವರು. ಚಿಕ್ಕಂದಿನಿಂದ ಅವರ ಒಂದು ಕಾಲು ಎಳೆಯುತ್ತಿತ್ತು. ಉತ್ತರಕ್ರಿಯೆ ಮುಗಿದ ಮೇಲೆ ಅವರ ಮಕ್ಕಳು 5 ಲಕ್ಷ ರೂಪಾಯಿಯ ಚೆಕ್ ಹಿಡಿದು ಸಂಘಕ್ಕೆ ಬಂದರು. "ಒಂದು ಆಪರೇಶನ್ನಿಗೆ ಅಂತ ಬೇಡ. ಮಕ್ಕಳ ಮೂಳೆ ಚಿಕಿತ್ಸೆಯಲ್ಲಿ ಹೊರದೇಶದವರ ಜೊತೆ ಸೇರಿ ಸಂಶೋಧನೆ ಮಾಡ್ತಾರಲ್ಲ, ಅದಕ್ಕೆ ಕೊಡಿ. ಮುಂದಿನ ಮಕ್ಕಳಿಗೂ ಉಪಯೋಗ ಆಗಲಿ" ಅಂದರು.

ಕಮಿಟಿಯಲ್ಲಿ ಏಳು ಜನ, ಏಳು ಸಲಹೆ. ಒಳ್ಳೆಯ ಡಾಕ್ಟರೊಬ್ಬರನ್ನು ಅಮೆರಿಕಕ್ಕೆ ಕಳಿಸೋಣ ಅಂದರು ಒಬ್ಬರು. ಮೆಷಿನ್ ಕೊಡಿಸಿ ಹೆಸರಿನ ಫಲಕ ಹಾಕಿಸೋಣ ಅಂದರು ಇನ್ನೊಬ್ಬರು. ಅಲ್ಲಿನ ಸಂಸ್ಥೆಗೇ ನೇರ ಕಳಿಸಿಬಿಡೋಣ ಅಂದವರೂ ಇದ್ದರು. ನನ್ನ ಮಗನಿಗೆ ಎಂಟನೇ ವಯಸ್ಸಿನಲ್ಲಿ ಪರ್ಥೆಸ್ ಅನ್ನುವ ತೊಡೆಮೂಳೆಯ ಕಾಯಿಲೆ ಬಂದಿತ್ತು. ಹತ್ತು ವರ್ಷ ಮೂಳೆ ವಿಭಾಗದ ಬೆಂಚುಗಳ ಮೇಲೆ ಕೂತವಳು ನಾನೇ ಅಂತ, ವಿಚಾರಿಸುವ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕು ತಿಂಗಳು ಪರೇಲ್, ಸಯನ್, ಹಾಜಿ ಅಲಿ ಅಂತ ಓಡಾಡಿ ಡಾಕ್ಟರುಗಳನ್ನು, ಸಂಶೋಧನೆಯ ಸಿಬ್ಬಂದಿಯನ್ನು, ನಮ್ಮ ಸಂಘದ ಆಡಿಟರನ್ನು ಕೇಳಿದೆ. ನಿಮ್ಮ ಸಂಘದಲ್ಲೋ ಮನೆಯಲ್ಲೋ ಇಂಥ ಯೋಚನೆ ಇದ್ದರೆ, ನಾನು ಕಂಡುಕೊಂಡಿದ್ದು ಇದು.

ದೇಶ ದೇಶ ಯಾಕೆ ಸೇರಬೇಕು

ಪರ್ಥೆಸ್ ಅಂದರೆ ತೊಡೆಮೂಳೆಯ ಮೇಲ್ತುದಿಯ ದುಂಡನೆಯ ತಲೆಗೆ ರಕ್ತ ಹೋಗುವುದು ನಿಂತು, ಆ ಭಾಗ ಸತ್ತು, ಮೆತ್ತಗಾಗಿ, ನಿಧಾನಕ್ಕೆ ಮತ್ತೆ ಹೊಸ ಮೂಳೆ ಬೆಳೆಯುವುದು. ಹುಡುಗಿಯರಿಗಿಂತ ಹುಡುಗರಲ್ಲಿ ನಾಲ್ಕೈದು ಪಟ್ಟು ಜಾಸ್ತಿ. ಬೋಸ್ಟನ್ನಿನ ಲೆಗ್, ಫ್ರಾನ್ಸಿನ ಕಾಲ್ವೆ, ಜರ್ಮನಿಯ ಪರ್ಥೆಸ್ ಮೂವರೂ 1910ರಲ್ಲಿ ಬೇರೆಬೇರೆಯಾಗಿ ಇದರ ಬಗ್ಗೆ ಬರೆದರು. ನೂರು ವರ್ಷ ದಾಟಿದರೂ ರಕ್ತ ಯಾಕೆ ನಿಲ್ಲುತ್ತದೆ ಅನ್ನುವುದು ಪೂರ್ತಿ ಗೊತ್ತಾಗಿಲ್ಲ. ಕಾರಣ ಸುಲಭ. ಒಂದೊಂದು ಆಸ್ಪತ್ರೆಗೆ ಬರುವ ಮಕ್ಕಳು ಕಡಿಮೆ. ಮೂಳೆ ಮತ್ತೆ ರೂಪುಗೊಳ್ಳಲು ಎರಡರಿಂದ ನಾಲ್ಕು ವರ್ಷ ಬೇಕು. ಚಿಕಿತ್ಸೆ ಸರಿಯಾಯಿತೋ ಇಲ್ಲವೋ ಅಂತ ಹೇಳಲು ಮಗುವಿನ ಬೆಳವಣಿಗೆಯೇ ಮುಗಿಯಬೇಕು. ಒಬ್ಬ ಡಾಕ್ಟರು, ಒಂದು ಊರು ಇದನ್ನು ಮಾಡಲು ಆಗುವುದಿಲ್ಲ. ಅದಕ್ಕೇ 2012ರಲ್ಲಿ ಅಂತರರಾಷ್ಟ್ರೀಯ ಪರ್ಥೆಸ್ ಅಧ್ಯಯನ ಗುಂಪು ಅಂತ ಶುರುವಾಯಿತು. ಅಮೆರಿಕದ ಡಲ್ಲಾಸಿನ ಮಕ್ಕಳ ಆಸ್ಪತ್ರೆಯೊಂದು ಅದರ ಕೇಂದ್ರ. ಭಾರತದ ಡಾಕ್ಟರುಗಳೂ ಅದರಲ್ಲಿದ್ದಾರೆ. ಹುಟ್ಟಿನಿಂದ ತೊಡೆ ಕೂಡುವ ಕೀಲು ಸಡಿಲವಿರುವ ಮಕ್ಕಳಿಗಾಗಿ ಕೆನಡಾದ ವ್ಯಾಂಕೂವರಿನಿಂದ ನಡೆಯುವ ಜಾಗತಿಕ ನೋಂದಣಿಯೂ ಹೀಗೇ ಹಲವು ದೇಶಗಳದ್ದು.

ನಮ್ಮವರಿಗೆ ಹತ್ತಿರದ ಸಂಗತಿ ಇನ್ನೊಂದಿದೆ. ಮಣಿಪಾಲದ ಡಾ. ಬೆಂಜಮಿನ್ ಜೋಸೆಫ್ ಮತ್ತು ಜೊತೆಗಾರರು ಇಂಗ್ಲೆಂಡಿನ ಸಂಶೋಧಕರೊಬ್ಬರ ಜೊತೆ ಸೇರಿ 1988ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಮ್ಮ ಕರಾವಳಿ ಪಟ್ಟಿಯಲ್ಲಿ ಪರ್ಥೆಸ್ ಘಟ್ಟದ ಮೇಲಿನ ಊರುಗಳಿಗಿಂತ ಎಷ್ಟೋ ಜಾಸ್ತಿ ಅಂತ ಅದರಲ್ಲಿ ಕಂಡುಬಂತು. ಪಶ್ಚಿಮದ ದೇಶಗಳಿಗಿಂತ ನಮ್ಮಲ್ಲಿ ಇದು ಸ್ವಲ್ಪ ದೊಡ್ಡ ವಯಸ್ಸಿನಲ್ಲಿ ಶುರುವಾಗುತ್ತದೆ ಅಂತಲೂ ಆ ಕಡೆಯ ಕೆಲಸ ತೋರಿಸಿತು. ಇದು ಸಣ್ಣ ಮಾತಲ್ಲ. ವಯಸ್ಸು ಹೆಚ್ಚಿದಷ್ಟೂ ಆ ಮೂಳೆಯ ತಲೆ ಮತ್ತೆ ದುಂಡಗಾಗುವ ಅವಕಾಶ ಕಡಿಮೆ. ಬೋಸ್ಟನ್ನಿನ ಐದು ವರ್ಷದ ಹುಡುಗನ ಲೆಕ್ಕವನ್ನು ಕುಂದಾಪುರದ ಒಂಬತ್ತರ ಹುಡುಗನಿಗೆ ಹಾಗೇ ಹಚ್ಚಲು ಬರುವುದಿಲ್ಲ. ನಮ್ಮ ಮಕ್ಕಳು ಆ ಲೆಕ್ಕದೊಳಗೆ ಇರಲೇಬೇಕು. ಹಣ ಎಲ್ಲಿಗೆ ಅನ್ನುವಾಗ ನಾನು ಹಿಡಿದ ಅಳತೆಗೋಲು ಇದೊಂದೇ. ಈ ದುಡ್ಡಿನಿಂದ ನಮ್ಮ ಕಡೆಯ ಮಕ್ಕಳು ಆ ಲೆಕ್ಕದೊಳಗೆ ಹೋಗುತ್ತಾರಾ? ಹೋದವರು ಕೊನೆತನಕ ಅದರಲ್ಲಿ ಉಳಿಯುತ್ತಾರಾ?

ಡಾಕ್ಟರನ್ನು ಹೊರಗೆ ಕಳಿಸುವುದು

ಎಲ್ಲರಿಗೂ ಮೊದಲು ಹೊಳೆಯುವುದು ಇದು. ಉತ್ತರ ಅಮೆರಿಕದ ಮಕ್ಕಳ ಮೂಳೆ ಸೊಸೈಟಿ ಪೋಸ್ನಾ, ಯುರೋಪಿನದು ಎಪೋಸ್. ಎರಡೂ ಸೊಸೈಟಿಗಳು ಪ್ರತಿ ವರ್ಷ ದೊಡ್ಡ ಸಮ್ಮೇಳನ ನಡೆಸುತ್ತವೆ. ಇಲ್ಲಿನ ಕಿರಿಯ ಸರ್ಜನ್ ಅಲ್ಲಿಗೆ ಹೋದರೆ ಮುಂದೆ ಜೊತೆಗೆ ಕೆಲಸ ಮಾಡುವವರ ಪರಿಚಯ ಆಗುತ್ತದೆ. ಇದರ ಬೆಲೆಯನ್ನು ನಾನು ಕಡಿಮೆ ಮಾಡುವುದಿಲ್ಲ. ಒಬ್ಬರ ಮುಖ ಇನ್ನೊಬ್ಬರು ನೋಡದೆ ಹತ್ತು ವರ್ಷದ ಕೆಲಸ ಕೂಡಿ ಮಾಡುವುದು ಕಷ್ಟ.

ಆದರೆ ಮೂರು ವಿಷಯ ಗಮನಿಸಿ. ಟಿಕೆಟ್, ವೀಸಾ, ನೋಂದಣಿ, ವಸತಿ ಸೇರಿ ಒಂದು ವಾರಕ್ಕೆ ನಮಗೆ ಬಂದ ಅಂದಾಜು ಸುಮಾರು 3 ಲಕ್ಷ. ನಮ್ಮ ನಿಧಿಯ ಅರ್ಧಕ್ಕಿಂತ ಜಾಸ್ತಿ ಏಳು ದಿನದಲ್ಲಿ ಮುಗಿಯಿತು. ಎರಡನೆಯದು, ಅಮೆರಿಕದಂಥ ಕಡೆ ಅಲ್ಲಿನ ಲೈಸೆನ್ಸ್ ಇಲ್ಲದೆ ಆಪರೇಶನ್‌ಗೆ ಕೈ ಹಾಕುವಂತಿಲ್ಲ. ಪಕ್ಕದಲ್ಲಿ ನಿಂತು ನೋಡುವುದಷ್ಟೇ. ಮೂರನೆಯದು, ಇಂಥ ಪ್ರಯಾಣಕ್ಕೆ ಈಗಾಗಲೇ ಹಣ ಕೊಡುವವರಿದ್ದಾರೆ. ಸೌಕರ್ಯ ಕಡಿಮೆಯಿರುವ ದೇಶಗಳ ಸರ್ಜನ್‌ಗಳನ್ನು ಕರೆಸಿಕೊಳ್ಳಲು ಪೋಸ್ನಾದಲ್ಲೇ ವಿದ್ಯಾರ್ಥಿವೇತನಗಳಿವೆ. ಅರ್ಜಿ ಹಾಕಿದ್ದೀರಾ ಅಂತ ಮೊದಲು ಅವರನ್ನೇ ಕೇಳಿ.

ಕೊಡುವುದಾದರೆ ಒಂದು ಶರತ್ತಿನ ಮೇಲೆ ಕೊಡಿ. ಹೋಗುವವರ ಕೈಯಲ್ಲಿ ಇಲ್ಲಿನ ಮಕ್ಕಳ ಮಾಹಿತಿಯ ಮೇಲೆ ಬರೆದ ಪ್ರಬಂಧ ಇರಬೇಕು, ಅದು ಅಲ್ಲಿ ಮಂಡಿಸಲು ಒಪ್ಪಿಗೆ ಪಡೆದಿರಬೇಕು. ಬರಿಗೈಯಲ್ಲಿ ಹೋಗಿ ಬರುವ ಪ್ರಯಾಣಕ್ಕೆ ಸಾರ್ವಜನಿಕರ ದುಡ್ಡು ಬೇಡ.

ಹೊರಗಿನವರನ್ನು ಕರೆಸುವುದು

ಇದರಲ್ಲಿ ಎರಡು ಬಗೆ. ಒಂದು, ಅವರು ಬಂದು ನಾಲ್ಕು ದಿನ ಕ್ಯಾಂಪ್ ಮಾಡಿ ಇಪ್ಪತ್ತು ಆಪರೇಶನ್ ಮುಗಿಸಿ ಹೋಗುವುದು. ಅದು ಸೇವೆ, ಸಂಶೋಧನೆಯಲ್ಲ. ಆರು ತಿಂಗಳ ಮೇಲೆ ಆ ಮಕ್ಕಳಿಗೆ ಏನಾಯಿತು ಅಂತ ನೋಡಲು ಇಲ್ಲಿ ಜನ ಇಲ್ಲದಿದ್ದರೆ ನನಗಂತೂ ಭಯವೇ. ಇನ್ನೊಂದು, ಕಲಿಸಿ ಹೋಗುವುದು. ಅದರ ಫಲ ದೊಡ್ಡದು.

ಸೊಟ್ಟ ಪಾದದ ಕಥೆ ನೋಡಿ. ಡಾಕ್ಟರುಗಳು ಕ್ಲಬ್‌ಫುಟ್ ಅನ್ನುತ್ತಾರೆ. ಸಾವಿರಕ್ಕೆ ಒಂದೆರಡು ಮಕ್ಕಳು ಪಾದ ಒಳಕ್ಕೆ ತಿರುಚಿಕೊಂಡೇ ಹುಟ್ಟುತ್ತಾರೆ. ಸ್ಪೇನಿನಲ್ಲಿ ಹುಟ್ಟಿ ಅಮೆರಿಕದ ಅಯೋವಾದಲ್ಲಿ ಕೆಲಸ ಮಾಡಿದ ಡಾ. ಇಗ್ನಾಸಿಯೋ ಪೊನ್ಸೆಟಿ ಇದಕ್ಕೆ ದೊಡ್ಡ ಆಪರೇಶನ್ ಬೇಡ ಅಂದರು. ವಾರಕ್ಕೊಂದು ಪ್ಲಾಸ್ಟರ್, ಪ್ರತಿ ಸಲ ಪಾದ ಚೂರುಚೂರೇ ತಿರುಗಿಸಿ. ಐದಾರು ವಾರದ ನಂತರ ಬಹುಪಾಲು ಮಕ್ಕಳಿಗೆ ಹಿಮ್ಮಡಿಯ ಸ್ನಾಯುರಜ್ಜುವನ್ನು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯನ್ನು, ಒಂದು ಸಣ್ಣ ಗೀರಿನಲ್ಲಿ ಬಿಡಿಸುವುದು. ಆಮೇಲೆ ಬೂಟು ಮತ್ತು ಪಟ್ಟಿ, ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ನಂತರ ನಾಲ್ಕು ವರ್ಷ ಆಗುವವರೆಗೆ ಮಲಗುವಾಗ. ಅವರು ಇದನ್ನು 1963ರಲ್ಲೇ ಪ್ರಕಟಿಸಿದ್ದರು. ಜಗತ್ತು ನಂಬಿದ್ದು 1990ರ ದಶಕದ ಕೊನೆಗೆ. ನಂಬಿಸಿದ್ದು 1995ರ ಒಂದು ಪ್ರಬಂಧ. ಅವರ ಹಳೆಯ ರೋಗಿಗಳನ್ನು ಮೂವತ್ತು ವರ್ಷದ ಮೇಲೆ ಹುಡುಕಿ, ಪಾದ ಪರೀಕ್ಷಿಸಿ, ನಡೆಯುತ್ತೀರಾ, ನೋವಿದೆಯಾ ಅಂತ ಕೇಳಿ ಬರೆದದ್ದು. ಅಷ್ಟು ವರ್ಷದ ಮೇಲೆ ವಿಳಾಸ ಹುಡುಕಿ ಬಾಗಿಲು ತಟ್ಟಿದವರು ಇಲ್ಲದಿದ್ದರೆ ಆ ಚಿಕಿತ್ಸೆ ಇನ್ನೂ ಅಯೋವಾದಲ್ಲೇ ಇರುತ್ತಿತ್ತೇನೋ. ಒಬ್ಬರಿಂದ ಒಬ್ಬರು ಕಲಿತು ಈಗ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲೂ ಇದೇ ಪದ್ಧತಿ. 2013ರಲ್ಲಿ ಇಲ್ಲೇ ಪಾಲ್ಘರಿನಿಂದ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಡುಕಬೇಕಾದ ತೊಂದರೆಗಳ ಪಟ್ಟಿಯಲ್ಲಿ ಸೊಟ್ಟ ಪಾದವೂ ಇದೆ, ತೊಡೆ ಕೂಡುವ ಕೀಲಿನ ತೊಂದರೆಯೂ ಇದೆ.

ಹಾಗಾಗಿ ಕಲಿಸುವವರನ್ನು ಕರೆಸಲು ಕೊಡಬಹುದು. ಆದರೆ ಒಂಟಿಯಾಗಿ ಬೇಡ. ಭಾರತದ ಮಕ್ಕಳ ಮೂಳೆ ಸೊಸೈಟಿ ವರ್ಷವರ್ಷ ಸಮ್ಮೇಳನ ನಡೆಸುತ್ತದೆ, ಹೊರಗಿನ ಅಧ್ಯಾಪಕರು ಹೇಗೂ ಬರುತ್ತಾರೆ. ಅವರು ಬಂದಾಗಲೇ ಎರಡು ದಿನ ಜಾಸ್ತಿ ಉಳಿಸಿಕೊಂಡರೆ ವಿಮಾನದ ಖರ್ಚೇ ಇಲ್ಲ.

ಮೆಷಿನ್

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಡಿಗೆ ಅಳೆಯುವ ಲ್ಯಾಬ್ 5 ಲಕ್ಷಕ್ಕೆ ಆಗುವುದಿಲ್ಲ. ಚಿಕ್ಕ ಮೆಷಿನ್ನಿಗೂ ವರ್ಷವರ್ಷ ಮೇಂಟೆನೆನ್ಸ್ ಕಟ್ಟಬೇಕು, ನಡೆಸುವ ಕೈ ಬೇಕು. ಇನ್ನು ಮಾಹಿತಿ ಕೂಡಿಡುವ ಸಾಫ್ಟ್‌ವೇರಿಗೆ ಹಣ ಬೇಕು ಅಂತ ಯಾರಾದರೂ ಕೇಳಿದರೆ, ರೆಡ್‌ಕ್ಯಾಪ್ ಯಾಕೆ ಬೇಡ ಅಂತ ವಿಚಾರಿಸಿ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ 2004ರಲ್ಲಿ ಹುಟ್ಟಿದ್ದು, ಲಾಭಕ್ಕಲ್ಲದ ಸಂಸ್ಥೆಗಳಿಗೆ ಲೈಸೆನ್ಸ್ ಹಣ ಇಲ್ಲ. ಹಲವು ದೇಶ ಸೇರಿದ ಅಧ್ಯಯನಗಳು ಅದರಲ್ಲೇ ನಡೆಯುತ್ತವೆ.

ಫೋನ್ ಮಾಡುವ ಒಬ್ಬರ ಸಂಬಳ

ನನ್ನ ಮನಸ್ಸು ನಿಂತಿದ್ದು ಇಲ್ಲಿ. ಯಾಕೆ ಅಂತ ಹೇಳಲು ನಮ್ಮ ಮನೆಯ ಸಂಗತಿಯೇ ಹೇಳಬೇಕು.

ಮಗ ಮೊದಲು ಹೇಳಿದ್ದು ಮಂಡಿ ನೋವು ಅಂತ. ಮಂಡಿಯ ಎಕ್ಸ್‌ರೇ ತೆಗೆಸಿದೆವು, ಸರಿಯಾಗಿತ್ತು. ಬೆಳೆಯುವ ನೋವು ಅಂದರು. ಎರಡು ತಿಂಗಳು ಹೋಯಿತು. ಪರ್ಥೆಸ್‌ನಲ್ಲಿ ನೋವು ಮೇಲಿನ ಕೀಲಿನದ್ದಾದರೂ ಮಗುವಿಗೆ ಎಷ್ಟೋ ಸಲ ಮಂಡಿಯಲ್ಲೇ ಗೊತ್ತಾಗುತ್ತದೆ ಅಂತ ನನಗೆ ತಿಳಿದದ್ದು ಆಮೇಲೆ. ಚಿಕಿತ್ಸೆಯೇನೋ ಆಯಿತು. ಅವನಿಗೆ 13 ಆದಾಗ ನಾವು ಡೊಂಬಿವಲಿಗೆ ಮನೆ ಬದಲಿಸಿದ್ದೆವು, ಆಸ್ಪತ್ರೆಯೂ ಬದಲಾಗಿತ್ತು. ಹೊಸ ಡಾಕ್ಟರು ಮೊದಲ ವರ್ಷದ ಎಕ್ಸ್‌ರೇ ಕೇಳಿದರು. ಹಳೆಯ ಆಸ್ಪತ್ರೆಗೆ ಮೂರು ಸಲ ಹೋದೆ. ಫೈಲು ಸಿಗಲಿಲ್ಲ. ಅಟ್ಟದ ಟ್ರಂಕಿನಲ್ಲಿ ನಮ್ಮದೊಂದು ಪ್ರತಿ ಇತ್ತು. ತೆಗೆದರೆ ನಾಲ್ಕು ಮಳೆಗಾಲದ ತೇವಕ್ಕೆ ಫಿಲ್ಮುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸುವಾಗ ಕಪ್ಪು ಪದರ ಕಿತ್ತು ಬಂತು. ತೊಡೆಮೂಳೆಯ ತಲೆ ಇರಬೇಕಾದ ಜಾಗದಲ್ಲಿ ಬಿಳಿ ಕಲೆ. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿ, ಸುಮ್ಮನೆ ಮೇಜಿನ ಮೇಲಿಟ್ಟರು. "ಇದೊಂದು ಇದ್ದಿದ್ದರೆ ಇವನನ್ನು ಅಧ್ಯಯನಕ್ಕೆ ಪೂರ್ತಿ ಸೇರಿಸಿಕೊಳ್ಳಬಹುದಿತ್ತು" ಅಂದರು.

ಇದು ನಮ್ಮೊಬ್ಬರ ಕಥೆಯಲ್ಲ ಅಂತ ವಿಚಾರಿಸುವಾಗ ಗೊತ್ತಾಯಿತು. ಹೊರದೇಶದವರ ಜೊತೆ ಸೇರಿದ ಅಧ್ಯಯನದಲ್ಲಿ ನಮ್ಮ ಆಸ್ಪತ್ರೆಗಳು ಸೋಲುವುದು ಆಪರೇಶನ್ ಟೇಬಲ್ಲಿನಲ್ಲಿ ಅಲ್ಲ. ಎರಡನೇ ವರ್ಷ, ಐದನೇ ವರ್ಷ ಮಗು ಮತ್ತೆ ಬರುವುದಿಲ್ಲ. ಅಲ್ಲಿ ಸೋಲುವುದು. ಬಾಡಿಗೆ ಮನೆ ಬದಲಾಗುತ್ತದೆ, ಪರೇಲಿನ ಚಾಳಿನಿಂದ ನಾಲಾಸೋಪಾರಕ್ಕೆ ಹೋಗುತ್ತಾರೆ. ಮೊಬೈಲ್ ನಂಬರ್ ಬದಲಾಗುತ್ತದೆ. ಕಲಬುರಗಿ, ಯಾದಗಿರಿಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಕೆಲಸ ಮುಗಿದ ಮೇಲೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋಗಿಬಿಡುತ್ತಾರೆ. ಕರಾವಳಿಯವರು ಮತ್ಸ್ಯಗಂಧ ಹಿಡಿಯುತ್ತಾರೆ. ಮಗುವಿಗೆ ನೋವಿಲ್ಲ ಅಂದ ಮೇಲೆ ಒಂದು ದಿನದ ಕೂಲಿ ಬಿಟ್ಟು ಯಾರು ಬರುತ್ತಾರೆ? ತಪ್ಪು ಅವರದ್ದಲ್ಲ. ಕರೆಯುವವರು ಇಲ್ಲ.

ಕರೆಯುವವರಿಗೆ ರಿಸರ್ಚ್ ಕೋಆರ್ಡಿನೇಟರ್ ಅನ್ನುತ್ತಾರೆ. ಓಪಿಡಿಯ ಗದ್ದಲದಲ್ಲಿ ಮಗುವಿನ ಅಪ್ಪ ಅಮ್ಮನನ್ನು ಪಕ್ಕಕ್ಕೆ ಕೂರಿಸಿ, ಇದು ಚಿಕಿತ್ಸೆ, ಇದು ಅಧ್ಯಯನ, ನೀವು ಬೇಡ ಅಂದರೂ ಚಿಕಿತ್ಸೆ ನಿಲ್ಲುವುದಿಲ್ಲ ಅಂತ ವಿವರಿಸುವುದು. ಒಪ್ಪಿಗೆ ಪತ್ರ ಓದಿ ಹೇಳುವುದು. ಎಕ್ಸ್‌ರೇಯಿಂದ ಹೆಸರು ತೆಗೆದು, ನಂಬರ್ ಕೊಟ್ಟು, ವ್ಯಾಂಕೂವರಿಗೋ ಡಲ್ಲಾಸಿಗೋ ಕಾಣುವ ಹಾಗೆ ಏರಿಸುವುದು. ಅಧ್ಯಯನದಲ್ಲಿ ರೋಗಿಗಳಿಗೆ ಅನ್ಯಾಯವಾಗದ ಹಾಗೆ ನೋಡಿಕೊಳ್ಳುವ ಎಥಿಕ್ಸ್ ಕಮಿಟಿಗೆ ವರ್ಷವರ್ಷ ವರದಿ ಬರೆಯುವುದು. ಮತ್ತೆ ಫೋನ್, ಫೋನ್, ಫೋನ್. ಒಂದು ಮನೆಗೆ ಮೂರು ನಂಬರ್ ಬರೆದಿಟ್ಟುಕೊಳ್ಳುವುದು: ಅಪ್ಪನದ್ದು, ಊರಿನಲ್ಲಿರುವ ಅಜ್ಜಿಯದ್ದು, ಪಕ್ಕದ ಮನೆಯವರದ್ದು. ಈ ಕೆಲಸಕ್ಕೆ ಯಾವ ಸಮ್ಮೇಳನದಲ್ಲೂ ಚಪ್ಪಾಳೆ ಇಲ್ಲ. ಹೊರಗಿನ ಅನುದಾನದಲ್ಲೂ ಇಲ್ಲಿನ ಸಂಬಳಕ್ಕೆ ಎಷ್ಟೋ ಸಲ ಜಾಗ ಇರುವುದಿಲ್ಲ. ಆಗ ಓದುವ ಹುಡುಗರೇ, ರೆಸಿಡೆಂಟ್ ಡಾಕ್ಟರುಗಳೇ, ರಾತ್ರಿ ಡ್ಯೂಟಿ ಮುಗಿಸಿ ಮಾಡುತ್ತಾರೆ. ಮೂರು ವರ್ಷಕ್ಕೆ ಅವರ ಓದು ಮುಗಿಯುತ್ತದೆ. ಕೆಲಸ ಅಲ್ಲಿಗೆ ಹರಿಯಿತು.

ನಮಗೆ ಹೇಳಿದ ಲೆಕ್ಕ ತಿಂಗಳಿಗೆ 27,000. ಅರ್ಧ ದಿನದ ಕೆಲಸವಾದರೆ 14,000. 5 ಲಕ್ಷದಲ್ಲಿ ಅರ್ಧ ದಿನದ ಒಬ್ಬರನ್ನು ಸುಮಾರು ಮೂರು ವರ್ಷ ಇಟ್ಟುಕೊಳ್ಳಬಹುದು. ಒಂದು ವಾರದ ಪ್ರಯಾಣದ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ.

ಇದರಲ್ಲಿ ದೋಷವೂ ಇದೆ, ಮುಚ್ಚಿಡುವುದು ಸರಿಯಲ್ಲ. ನಿಮ್ಮ ಹಣ ಮುಗಿದ ದಿನ ಆ ವ್ಯಕ್ತಿಯ ಕೆಲಸವೂ ಮುಗಿಯುತ್ತದೆ. ಒಂದು ವರ್ಷಕ್ಕೆ ಮಾತ್ರ ಕೊಟ್ಟರೆ ಕಲಿಯುವಷ್ಟರಲ್ಲಿ ಬಿಡಬೇಕಾಗುತ್ತದೆ. ಕನಿಷ್ಠ ಮೂರು ವರ್ಷದ್ದು ಕೈಯಲ್ಲಿ ಇಲ್ಲದಿದ್ದರೆ ಈ ದಾರಿ ಹಿಡಿಯಬೇಡಿ. ಎರಡು ಮೂರು ಸಂಘ ಸೇರಿದರೆ ಆಗುತ್ತದೆ. ಮುಂಬಯಿಯಲ್ಲಿ ನಮ್ಮ ಸಂಘಗಳಿಗೇನು ಬರವೇ? ಮಾಟುಂಗಾದ ಮೈಸೂರು ಅಸೋಸಿಯೇಶನ್ 1926ರದ್ದು, ಮೊಗವೀರ ಮಂಡಳಿ 1902ರದ್ದು. ನೂರು ವರ್ಷ ಬಾಳಿದ ಸಂಸ್ಥೆಗಳನ್ನು ಕಟ್ಟಿದವರ ಮಕ್ಕಳು ನಾವು. ಮೂರು ವರ್ಷಕ್ಕೆ ಒಬ್ಬರ ಸಂಬಳ ಹೊರುವುದು ದೊಡ್ಡದಲ್ಲ.

ಬಸ್ಸು, ರೈಲಿನ ಖರ್ಚು

ಕೈಯಲ್ಲಿ 20,000, 50,000 ಮಾತ್ರ ಇದ್ದರೆ ನನ್ನ ಸಲಹೆ ಇದು. ಅಧ್ಯಯನದಲ್ಲಿರುವ ಮಗು ವರ್ಷಕ್ಕೊಮ್ಮೆ ತೋರಿಸಲು ಬರುವ ರೈಲಿನ ಖರ್ಚು, ಊಟ, ಆ ದಿನದ ಕೂಲಿ. ಕಲಬುರಗಿಯಿಂದ ಬರುವವರಿಗೆ ಒಂದು ರಾತ್ರಿ ಮಲಗುವ ಜಾಗ. ಹಣ ಕೊಟ್ಟು ಜನರನ್ನು ಸೇರಿಸಿಕೊಂಡ ಹಾಗೆ ಆಗುವುದಿಲ್ಲವೇ ಅಂತ ನಾನೂ ಕೇಳಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನಿಯಮಗಳ ಪ್ರಕಾರ ನಿಜವಾದ ಖರ್ಚನ್ನು, ಹೋದ ಕೂಲಿಯನ್ನು ತುಂಬಿಕೊಡಬಹುದು. ಆಸೆ ತೋರಿಸುವಷ್ಟು ಕೊಡಬಾರದು, ಎಥಿಕ್ಸ್ ಕಮಿಟಿ ಒಪ್ಪಿರಬೇಕು.

ಒಂದು ಎಚ್ಚರ. ದೊಡ್ಡ ಪಾಲಿಕೆ ಆಸ್ಪತ್ರೆಗಳಲ್ಲಿ ಪೂರ್ ಬಾಕ್ಸ್ ಫಂಡ್ ಅಂತ ಇರುತ್ತದೆ. ಅದು ಬಡ ರೋಗಿಗಳ ಚಿಕಿತ್ಸೆಗೆ. ಒಳ್ಳೆಯ ಕೆಲಸವೇ, ಆದರೆ ನೀವು ಸಂಶೋಧನೆಗೆ ಅಂತ ಕೊಟ್ಟಿದ್ದು ಅಲ್ಲಿಗೆ ಹೋದರೆ ಮೂಲ ಉದ್ದೇಶ ತಪ್ಪುತ್ತದೆ. ಯಾವ ಖಾತೆ ಅಂತ ಬರವಣಿಗೆಯಲ್ಲಿ ಕೇಳಿಕೊಳ್ಳಿ.

ದುಡ್ಡಿಲ್ಲದೆ ಕೊಡಬಹುದಾದದ್ದು: ಭಾಷೆ

ಇದು ನನಗೆ ಮೊದಲು ಹೊಳೆದೇ ಇರಲಿಲ್ಲ. ಹಲವು ದೇಶ ಸೇರಿದ ಅಧ್ಯಯನದಲ್ಲಿ ಮಗುವಿನ ನೋವು, ಆಟ, ಶಾಲೆ ಬಗ್ಗೆ ಪ್ರಶ್ನಾವಳಿ ಇರುತ್ತದೆ. ಇಂಗ್ಲಿಷಿನದ್ದನ್ನು ಮರಾಠಿ, ಹಿಂದಿ, ಕನ್ನಡಕ್ಕೆ ತರಬೇಕು. ಇಬ್ಬರು ಬೇರೆಬೇರೆಯಾಗಿ ಅನುವಾದ ಮಾಡಿ, ಎರಡನ್ನೂ ಕೂಡಿಸಿ, ಮೂಲ ನೋಡದ ಮೂರನೆಯವರಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಹೊಂದುತ್ತದಾ ಅಂತ ನೋಡಿ, ಆಮೇಲೆ ಕೆಲವು ಮನೆಯವರ ಮುಂದೆ ಓದಿ ಪರೀಕ್ಷಿಸಬೇಕು. ಆಸ್ಪತ್ರೆಯೊಂದು ತೋರಿಸಿದ ಕನ್ನಡ ಕರಡಿನಲ್ಲಿ "ಸೊಂಟ ನೋವು ಇದೆಯೇ?" ಅಂತ ಇತ್ತು. ನಾನು ಅಲ್ಲೇ ನಿಂತೆ. ನಮ್ಮ ಮನೆಗಳಲ್ಲಿ ಸೊಂಟ ನೋವು ಅಂದರೆ ನಡು ಹಿಡಿದದ್ದು, ಬೆನ್ನಿನ ಕೆಳಗಿನದ್ದು. ಇಂಗ್ಲಿಷಿನಲ್ಲಿ ಕೇಳಿದ್ದು ತೊಡೆ ಕೂಡುವ ಕೀಲಿನ ನೋವು. ಕಲಬುರಗಿಯ ತಾಯಿ "ಇಲ್ಲ" ಅಂತ ಗುರುತು ಹಾಕುತ್ತಾಳೆ. ಮಗುವಿಗೆ ತೊಡೆಸಂದಿನಲ್ಲಿ ದಿನಾ ನೋವಿರುತ್ತದೆ. ಡಲ್ಲಾಸಿನ ಕಂಪ್ಯೂಟರಿನಲ್ಲಿ ಅದು ನೋವಿಲ್ಲದ ಮಗುವಾಗಿ ಸೇರುತ್ತದೆ. ನಾವು ಅದನ್ನು "ತೊಡೆಸಂದಿನಲ್ಲಿ, ತೊಡೆಯಲ್ಲಿ ಅಥವಾ ಮಂಡಿಯಲ್ಲಿ ನೋವು ಇದೆಯೇ?" ಅಂತ ಬದಲಿಸಲು ಹೇಳಿದೆವು, ಪಕ್ಕದಲ್ಲಿ ಮಗುವಿನ ಚಿತ್ರ ಇಟ್ಟು ಬೆರಳಿಟ್ಟು ತೋರಿಸುವ ಹಾಗೆ.

ಇನ್ನೊಂದು. ಮೆಟ್ಟಿಲು ಹತ್ತುತ್ತದಾ, ಓಡುತ್ತದಾ, ಕಾರಿನಿಂದ ಇಳಿಯುತ್ತದಾ ಅಂತೆಲ್ಲ ಇತ್ತು. ಚಕ್ಕಳಮಕ್ಕಳ ಹಾಕಿ ಕೂರುತ್ತದಾ, ಕುಕ್ಕರಗಾಲಿನಲ್ಲಿ ಕೂತು ಏಳುತ್ತದಾ ಅಂತ ಇರಲಿಲ್ಲ. ನಮ್ಮ ಮಗು ಊಟಕ್ಕೆ ನೆಲದ ಮೇಲೆ ಕೂರಬೇಕು, ಶೌಚಕ್ಕೆ ಕುಕ್ಕರಿಸಬೇಕು. ಪರ್ಥೆಸ್ ಬಂದ ಕೀಲಿನಲ್ಲಿ ಬೇಗ ಕಷ್ಟವಾಗುವುದರಲ್ಲಿ ತೊಡೆ ಅಗಲಿಸುವುದೂ ಒಂದು. ಇಂಥ ಪ್ರಶ್ನೆ ಸೇರಿಸಿ ಅಂತ ಹೇಳಲು ಆ ಮನೆಯೊಳಗಿನವರೇ ಬೇಕು. ಶಾಲಾ ಶಿಕ್ಷಕರಾಗಿದ್ದು ನಿವೃತ್ತರಾದವರು, ಕಾಲೇಜಿನಲ್ಲಿ ಕನ್ನಡ ಓದುವ ಮಕ್ಕಳು, ಕಾಯಿಲೆ ಕಂಡ ತಾಯಂದಿರು, ನಿಮ್ಮಲ್ಲಿ ಇದ್ದೇ ಇರುತ್ತಾರೆ ಅಲ್ವಾ? ಅವರ ನಾಲ್ಕು ಶನಿವಾರ ಸಾಕು.

ಹೊರಗಿನ ಸಂಸ್ಥೆಗೆ ನೇರ ಕಳಿಸಿದರೆ

ಒಬ್ಬ ವ್ಯಕ್ತಿ ತನ್ನ ಹೆಸರಿನಲ್ಲಿ ಕಳಿಸಲು ಕಾನೂನಿನಲ್ಲಿ ತಡೆಯಿಲ್ಲ, ಆದರೆ ದೇಣಿಗೆಗೆ ಸಿಗುವ ಆದಾಯ ತೆರಿಗೆ ರಿಯಾಯಿತಿ ಸಿಗುವುದಿಲ್ಲ. ಸಂಘವೇ ಕಳಿಸುವುದಾದರೆ ನಿಯಮ ಬೇರೆ, ಮೊದಲು ಆಡಿಟರನ್ನು ಕೇಳಿ. ಇಲ್ಲಿನ ಸಂಸ್ಥೆಗೆ ಕೊಟ್ಟರೂ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ ಆ ಲಾಭ, 2,000ಕ್ಕಿಂತ ಜಾಸ್ತಿ ನಗದಾಗಿ ಕೊಟ್ಟರೆ ಅದೂ ಇಲ್ಲ. ಕಳಿಸಿದ ದುಡ್ಡು ಸುತ್ತಿ ಬಂದು ಇಲ್ಲಿನ ಮಕ್ಕಳಿಗೇ ಮುಟ್ಟಬೇಕಾದರೆ ಇಲ್ಲಿನ ಆಸ್ಪತ್ರೆಗೆ ಸಾಮಾನ್ಯವಾಗಿ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆಯ ಕಾಯ್ದೆಯ ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ನಂತರ ಆ ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು, ಒಂದು ಸಂಸ್ಥೆ ಇನ್ನೊಂದಕ್ಕೆ ಹಂಚುವಂತಿಲ್ಲ. ಮುಂಬಯಿಯಲ್ಲಿ ಕೂತು ಪರೇಲಿಗೆ ಕೊಡಬೇಕಾದ್ದನ್ನು ಡಲ್ಲಾಸಿನ ಮೇಲೆ ಸುತ್ತಿಸುವುದು ಯಾಕೆ?

ಇದರ ಜೊತೆಗೆ, ಅಮೆರಿಕದಲ್ಲಿರುವ ನಿಮ್ಮ ಮಕ್ಕಳು ನಿಧಿಗೆ ಸೇರಿಸುತ್ತೇವೆ ಅಂದರೆ ಒಂದು ಪ್ರಶ್ನೆ ಕೇಳಿ: ಯಾವ ಪಾಸ್‌ಪೋರ್ಟ್? ಭಾರತದ್ದೇ ಇದ್ದು ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿನ ಪೌರತ್ವ ಪಡೆದು ಓಸಿಐ ಕಾರ್ಡ್ ಹೊಂದಿದ್ದರೆ ಆಗುತ್ತದೆ. ಎಫ್‌ಸಿಆರ್‌ಎ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದ ಸಂಘ ಅದನ್ನು ಮುಟ್ಟಬಾರದು. ಎಷ್ಟೋ ಸಂಘಗಳಿಗೆ ಇದು ಗೊತ್ತಿಲ್ಲ.

ಚೆಕ್ ಬರೆಯುವ ಮೊದಲು

ಆಸ್ಪತ್ರೆಯವರನ್ನು ಸಂಕೋಚವಿಲ್ಲದೆ ಕೇಳಿ. ಎಥಿಕ್ಸ್ ಕಮಿಟಿಯ ಒಪ್ಪಿಗೆ ಇದೆಯಾ? ಹೊರದೇಶದ ಜೊತೆ ಕೂಡಿದ ಕೆಲಸಕ್ಕೆ ಐಸಿಎಂಆರ್ ಮೂಲಕ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಕಮಿಟಿಯ ಅನುಮತಿ ಬೇಕಿದ್ದರೆ ಪಡೆದಿದ್ದಾರಾ? ಬೇರೆಬೇರೆ ಚಿಕಿತ್ಸೆ ಹೋಲಿಸುವ ಪ್ರಯೋಗವಾದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ನಂಬರ್ ಇದೆಯಾ? ನಂಬರ್ ಕೊಟ್ಟರೆ ನೀವೇ ನೋಡಬಹುದು. ಪ್ರಬಂಧ ಬಂದಾಗ ಇಲ್ಲಿನ ಡಾಕ್ಟರುಗಳ ಹೆಸರು ಲೇಖಕರಲ್ಲಿ ಇರುತ್ತದಾ, ಅಥವಾ ಮಾಹಿತಿ ಕಳಿಸಿದ್ದಕ್ಕೆ ಕೊನೆಯಲ್ಲಿ ಒಂದು ಧನ್ಯವಾದವಷ್ಟೇನಾ? ನಾನು ಇದಕ್ಕೆ ತುಂಬಾ ತೂಕ ಕೊಡುತ್ತೇನೆ. ನಮ್ಮ ಮಕ್ಕಳ ಎಕ್ಸ್‌ರೇ ಹೋಗಿ ಅಲ್ಲಿನವರ ಹೆಸರು ಮಾತ್ರ ಬಂದರೆ ಅದು ಸಹಯೋಗ ಅಲ್ಲ. ನಿಮ್ಮ ಸಂಘದ ಉದ್ದೇಶಗಳಲ್ಲಿ ವೈದ್ಯಕೀಯ ಸಹಾಯ ಅನ್ನುವ ಮಾತಿದೆಯಾ ಅಂತ ನೋಂದಣಿ ಪತ್ರವನ್ನೂ ಒಮ್ಮೆ ತೆಗೆದು ನೋಡಿ.

ಇನ್ನು, ಮನೆಯವರು ಅಧ್ಯಯನಕ್ಕೆ ಬೇಡ ಅನ್ನುವ ಹಕ್ಕನ್ನು ಗೌರವಿಸುವವರಿಗೇ ಕೊಡಿ. ಬೆನ್ನು ಡೊಂಕಾಗುವ ಮಕ್ಕಳಿಗೆ ಬ್ರೇಸ್, ಅಂದರೆ ಮೈಗೆ ಕಟ್ಟುವ ಗಟ್ಟಿ ಪಟ್ಟಿ, ಹಾಕುವುದು ಉಪಯೋಗವಾ ಅಂತ ಅಮೆರಿಕ ಮತ್ತು ಕೆನಡಾದ 25 ಆಸ್ಪತ್ರೆಗಳು ಸೇರಿ ಪರೀಕ್ಷಿಸಿದವು. ಯಾರಿಗೆ ಬ್ರೇಸ್ ಅಂತ ಚೀಟಿ ಎತ್ತಿದ ಹಾಗೆ ನಿರ್ಧರಿಸಲು ಎಷ್ಟೋ ಮನೆಯವರು ಒಪ್ಪಲಿಲ್ಲ. ಹಾಗಾಗಿ ಬೇಕಾದವರು ತಾವೇ ಆರಿಸಿಕೊಳ್ಳಲು ಬಿಟ್ಟರು. 2013ರಲ್ಲಿ 242 ಮಕ್ಕಳ ಫಲಿತಾಂಶ ಬಂತು: ಬ್ರೇಸ್ ಹಾಕಿದವರಲ್ಲಿ 72 ಪ್ರತಿಶತ ಆಪರೇಶನ್ನಿನ ಮಟ್ಟಕ್ಕೆ ಹೋಗಲಿಲ್ಲ, ಹಾಕದವರಲ್ಲಿ 48. ಒತ್ತಾಯ ಮಾಡದೆಯೂ ಉತ್ತರ ಸಿಕ್ಕಿತು.

ನಾವು ಮಾಡಿದ್ದು

4 ಲಕ್ಷ ಅರ್ಧ ದಿನದ ಕೋಆರ್ಡಿನೇಟರಿಗೆ, 70,000 ಪ್ರಯಾಣದ ಖರ್ಚಿಗೆ, ಉಳಿದದ್ದು ಭಾಷೆಯ ಕೆಲಸದ ಮುದ್ರಣಕ್ಕೆ ಮತ್ತು ಫೋನಿಗೆ. ಸಂಬಳಕ್ಕೆ ಕಮ್ಮಿ ಬೀಳುವುದನ್ನು ಇನ್ನೊಂದು ಸಂಘ ಕೊಡುತ್ತೇನೆ ಅಂದಿದೆ. ಯಾವ ಆಸ್ಪತ್ರೆ ಅನ್ನುವ ನಿರ್ಧಾರದಲ್ಲಿ ನಾನು ಹೊರಗೆ ಕೂತೆ, ಮಗ ಅಲ್ಲಿನ ರೋಗಿಯೂ ಆಗಿದ್ದರಿಂದ. ಕೆಲಸಕ್ಕೆ ಬಂದ ಹುಡುಗಿಗೆ ಮರಾಠಿ, ಹಿಂದಿ, ಕನ್ನಡ ಮೂರೂ ಬರುತ್ತದೆ. ಕನ್ನಡ ಬಂದರೆ ಒಳ್ಳೆಯದು ಅಂತ ನಾವು ಕೇಳಿಕೊಂಡಿದ್ದೆವು.

ಹೋದ ತಿಂಗಳು ನನ್ನ ಫೋನಿಗೆ ಅವಳದ್ದೇ ಕರೆ ಬಂತು. ಮಗನ ನಂಬರ್ ಬೇಕು ಅಂದಳು. ಅವನು ಈಗ ಪುಣೆಯಲ್ಲಿ ಓದುತ್ತಿದ್ದಾನೆ. ಏನು ಬೇಕೋ ನನ್ನನ್ನೇ ಕೇಳಮ್ಮ, ಎಲ್ಲ ನನಗೇ ಗೊತ್ತು ಅಂದೆ. "ಇಲ್ಲ ಆಂಟಿ, ಅವರಿಗೆ 18 ಆಯಿತಲ್ಲ. 12 ಆದ ಮೇಲೆ ಅವರೂ ಸಹಿ ಹಾಕಿದ್ದರು, ಆದರೆ ಒಪ್ಪಿಗೆ ನಿಮ್ಮದಿತ್ತು. ಇನ್ನು ಅವರನ್ನೇ ಹೊಸದಾಗಿ ಕೇಳಬೇಕು. ಅವರು ಬೇಡ ಅಂದರೆ ಇಲ್ಲಿಗೆ ನಿಲ್ಲಿಸುತ್ತೇವೆ" ಅಂದಳು.

ರಾತ್ರಿ ಮಗ ಫೋನ್ ಮಾಡಿದ. "ಅಮ್ಮ, ಅರ್ಧ ಗಂಟೆ ಮಾತಾಡಿದ್ರು. ಚಕ್ಕಳಮಕ್ಕಳ ಕೂರಕ್ಕಾಗುತ್ತಾ ಅಂತ ಕೇಳಿದ್ರು. ಎಡ ಮಂಡಿ ಮೇಲೇ ನಿಲ್ಲುತ್ತೆ ಅಂದೆ. ಎಷ್ಟು ಮೇಲೆ ಅಂತ ಕೇಳಿ, ಫೋಟೋ ಕಳಿಸೋಕೆ ಹೇಳಿದ್ರು. ದೀಪಾವಳಿಗೆ ಬಂದಾಗ ಎಕ್ಸ್‌ರೇ ತೆಗೆಸ್ತೀನಿ ಅಂದಿದೀನಿ."